ಮುಚ್ಚಳದ ಒಳಮೈ

ಸುತ್ತಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಅದು ನೀರು ಸರಬರಾಜು ಕಚೇರಿಯ ಹಾಜರಿ ಪುಸ್ತಕದಲ್ಲಿ ಮೂವತ್ತೆಂಟು ವರ್ಷ ಬೆಚ್ಚಗೆ ಮಲಗಿತ್ತು. ಯಾರೂ ಅದನ್ನು ಎಬ್ಬಿಸಲು ಹೋಗಲಿಲ್ಲ. ಊರಿಗೆಲ್ಲ ಅವನು ಸುತ್ತಣ್ಣ. ದಾರಿ ಕೇಳಿದರೂ ಸುತ್ತಿನಲ್ಲೇ ಹೇಳುತ್ತಿದ್ದ. "ಅಂಚೆ ಕಚೇರಿನಾ? ಹದಿನಾಲ್ಕು ಸುತ್ತಿನ ವಾಲ್ವ್ ದಾಟಿ, ಎಡಮುರಿ ಒಂಬತ್ತರ ಹತ್ರ ನಿಂತ್ಕೊಳ್ಳಿ, ಎದುರಿಗೇ ಕಾಣ್ಸುತ್ತೆ." ಕೇಳಿದವರು ತಲೆ ಕೆರೆದುಕೊಂಡು ಇನ್ನೊಬ್ಬರನ್ನು ಕೇಳುತ್ತಿದ್ದರು.

ಅವನ ಕೆಲಸ ನೀರು ಬಿಡುವುದು, ನೀರು ನಿಲ್ಲಿಸುವುದು. ಬೀದಿಗಳ ಕೆಳಗೆ ಕೊಳವೆ ಹೋಗಿದೆ. ಕವಲೊಡೆದಲ್ಲೆಲ್ಲ ಒಂದು ಗುಂಡಿ, ಗುಂಡಿಯೊಳಗೆ ವಾಲ್ವ್, ಮೇಲೊಂದು ಕಬ್ಬಿಣದ ಮುಚ್ಚಳ. ಮುಚ್ಚಳ ತೆಗೆದು, ಎದೆಯೆತ್ತರದ ಕೀಲಿ ಇಳಿಸಿ ತಿರುಗಿಸಬೇಕು. ಒಂದೊಂದು ವಾಲ್ವಿಗೆ ಒಂದೊಂದು ಲೆಕ್ಕ. ಒಂದು ಒಂಬತ್ತು ಸುತ್ತಿಗೆ ಮುಚ್ಚಿಕೊಂಡರೆ ಇನ್ನೊಂದು ನಲವತ್ತು ಸುತ್ತು ಕೇಳುತ್ತದೆ. ಬಲಕ್ಕೆ ಮುಚ್ಚುವ ಸಂಭಾವಿತರು ಕೆಲವರು, ಎಡಕ್ಕೆ ಮುಚ್ಚುವ ತಲೆಹರಟೆಗಳು ಕೆಲವರು. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಹೂತಿಟ್ಟ ಎಂಟುನೂರ ಹನ್ನೆರಡು ವಾಲ್ವುಗಳು. ಅಷ್ಟೂ ಸುತ್ತಣ್ಣನ ತಲೆಯಲ್ಲಿದ್ದವು. ಮುಚ್ಚಳದ ಮೇಲೆ ಒಂದು ಉದ್ದ ಕೋಲಿನ ತುದಿಯಿಟ್ಟು, ಇನ್ನೊಂದು ತುದಿ ಕಿವಿಗಾನಿಸಿ, ಒಳಗೆ ನೀರು ಓಡುತ್ತಿದೆಯೋ ನಿಂತಿದೆಯೋ ಎಲ್ಲಾದರೂ ಸೋರುತ್ತಿದೆಯೋ ಹೇಳುತ್ತಿದ್ದ. ಮಗಳ ಮದುವೆಯ ಸಮಯದಲ್ಲಿ ಕೈತೊಳೆಯುವ ನಲ್ಲಿಯ ಸದ್ದು ಸರಿಯಿಲ್ಲವೆಂದು ಎದ್ದು ಹೋದವನು, ಮೂರು ಬೀದಿಯಾಚೆ ವಾಲ್ವ್ ಕಟ್ಟಿ ಬರುವಷ್ಟರಲ್ಲಿ ಫೋಟೋ ತೆಗೆದಾಗಿತ್ತು. ಆ ಫೋಟೋದಲ್ಲಿ ಅಪ್ಪ ಇರಬೇಕಾದ ಕಡೆ ಇವತ್ತಿಗೂ ಒಂದು ಖಾಲಿ ಕುರ್ಚಿ ಇದೆ.

ಇಂಥವನ ಪಕ್ಕದಲ್ಲಿ ಎರಡು ವರ್ಷ ಕೂತವಳು ಆಪರೇಟರಮ್ಮ. ಕಚೇರಿಯ ಏಕೈಕ ಕಂಪ್ಯೂಟರಿನ ಮುಂದೆ ಹದಿನೆಂಟು ವರ್ಷದಿಂದ ಕೂತಿದ್ದ ಹೆಂಗಸು. ಬೆರಳಿನ ವೇಗಕ್ಕೆ ಹೆಸರಾದವಳು, ಆ ಕುರ್ಚಿ ಬಿಟ್ಟು ಬೀದಿಗಿಳಿದವಳಲ್ಲ. ಸುತ್ತಣ್ಣ ನಿವೃತ್ತನಾಗುವ ಮೊದಲು ಅವನ ತಲೆಯಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ಇಳಿಸಬೇಕೆಂದು ಆಜ್ಞೆ ಬಂದಾಗ ಕೆಲಸ ಇವಳ ಪಾಲಿಗೆ ಬಿತ್ತು. ಅವನು ಹೇಳುವ ರೀತಿ ವಿಚಿತ್ರ. ಕಣ್ಣು ಮುಚ್ಚಿ, ಎರಡೂ ಕೈ ಮಂಡಿಯ ಮೇಲಿಟ್ಟು, ಮನಸ್ಸಿನಲ್ಲೇ ಬೀದಿಯಲ್ಲಿ ನಡೆಯುತ್ತಿದ್ದ. ಔಷಧಿ ಅಂಗಡಿ ದಾಟಿದ, ಹೊಲಿಗೆಯವನ ಮೆಟ್ಟಿಲು ದಾಟಿದ, ನಿಂತ: "ಹದಿನೇಳು. ಬಲಕ್ಕೆ." ನಡುವೆ ಅವಳು ಏನಾದರೂ ಕೇಳಿದರೆ ಮುಗಿಯಿತು. "ನಡೀತಿದ್ದೆ ಕಣಮ್ಮ, ತಡೆದ್ಬಿಟ್ಟೆ," ಎಂದು ಮತ್ತೆ ಬೀದಿಯ ತುದಿಯಿಂದಲೇ ಹೊರಡುತ್ತಿದ್ದ. ಅವಳು ಕೆಮ್ಮು ಬಂದರೂ ನುಂಗಿಕೊಳ್ಳುವುದನ್ನು ಕಲಿತಳು.

ಎಂಟುನೂರ ಹನ್ನೆರಡೂ ಮುಗಿದ ದಿನ ಅವನು ಇಡೀ ಕಚೇರಿಗೆ ಪೆಪ್ಪರ್‌ಮೆಂಟ್ ಹಂಚಿದ. ಅವಳು ಒಂದು ಟಿಪ್ಪಣಿ ಬರೆದಳು: ಮಾಹಿತಿಯೆಲ್ಲ ಕಂಪ್ಯೂಟರಿನಲ್ಲಿದೆ, ಗೆದ್ದಲು ಹಿಡಿದ ಹಳೆಯ ರಿಜಿಸ್ಟರುಗಳ ಅಗತ್ಯ ಇನ್ನಿಲ್ಲ. ಕೆಳಗೆ ದುಂಡಗೆ ಸಹಿ. ರಿಜಿಸ್ಟರುಗಳು ರದ್ದಿಗೆ ಹೋದವು, ಸುತ್ತಣ್ಣ ಮನೆಗೆ ಹೋದ. ಅವನ ಜಾಗಕ್ಕೆ ಮೂವರು ಗುತ್ತಿಗೆ ಆಳುಗಳು ಬಂದರು. ದಿನನಿತ್ಯ ತಿರುಗಿಸುವ ಹತ್ತಿಪ್ಪತ್ತು ವಾಲ್ವು ಬಿಟ್ಟರೆ ಅವರಿಗೆ ಬೇರೇನೂ ಗೊತ್ತಿರಲಿಲ್ಲ. ಬೇಕಾದಾಗ ಆಪರೇಟರಮ್ಮ ಕಾಗದ ತೆಗೆದುಕೊಡುತ್ತಿದ್ದಳು.

ಮನೆಗೆ ಹೋದ ಸುತ್ತಣ್ಣ ಒಂದು ವರ್ಷ ಚೆನ್ನಾಗಿದ್ದ. ಆಮೇಲೆ ನೆನಪು ಕೈಕೊಡಲಾರಂಭಿಸಿತು. ಮೊದಲು ಕನ್ನಡಕ ಎಲ್ಲಿಟ್ಟೆ ಅಂದ, ಆಮೇಲೆ ಮೊಮ್ಮಗಳ ಹೆಸರೇನು ಅಂದ, ಆಮೇಲೊಂದು ದಿನ ಹೆಂಡತಿಯನ್ನೇ "ನೀವು ಯಾರ ಮನೆಯವರು?" ಎಂದು ಮರ್ಯಾದೆಯಿಂದ ಕೇಳಿದ. ವೈದ್ಯರು ಇದು ವಾಸಿಯಾಗುವ ಕಾಯಿಲೆಯಲ್ಲ ಎಂದರು. ಬೆಳಗಾದರೆ ಕೀಲಿಯೆಂದುಕೊಂಡು ಕೊಡೆ ಹೆಗಲಿಗೇರಿಸಿ ಹೊರಡುತ್ತಿದ್ದ. ಹೆಂಡತಿ ಹಿಂದೆಯೇ ಹೋಗಿ ಕರೆದುಕೊಂಡು ಬರುತ್ತಿದ್ದಳು. ಆಪರೇಟರಮ್ಮ ಆಗಾಗ ನೋಡಿ ಬರುತ್ತಿದ್ದಳು. ಹೋಗಲಿ, ಅವನ ತಲೆಯಲ್ಲಿದ್ದದ್ದು ನನ್ನ ಹತ್ತಿರ ಭದ್ರವಾಗಿದೆಯಲ್ಲ ಎಂಬುದೇ ಅವಳಿಗೊಂದು ಸಮಾಧಾನ.

ಭದ್ರ ಅಂದರೆ ಅಂತಿಂಥ ಭದ್ರವಲ್ಲ. ಪ್ರತಿ ಶುಕ್ರವಾರ ಸಂಜೆ ನಾಲ್ಕಕ್ಕೆ, ಪರದೆಯ ಮೇಲಿದ್ದ 'ವಾಲ್ವ್ ನಕ್ಷೆ' ಎಂಬ ಚಿತ್ರವನ್ನು ಪೆನ್ ಡ್ರೈವಿಗೆ ನಕಲು ಮಾಡುತ್ತಿದ್ದಳು. ಮಾಡಿ ಸುಮ್ಮನಾಗುವವಳಲ್ಲ, ಪೆನ್ ಡ್ರೈವಿನಿಂದಲೇ ಅದನ್ನು ತೆರೆದು, ಸರಿಯಾಗಿ ಬಂತೇ ಎಂದು ನೋಡಿ, ಚೀಟಿಯಲ್ಲಿ ತಾರೀಖು ಬರೆದು, ಪುಟ್ಟ ಬಟ್ಟೆ ಚೀಲದಲ್ಲಿಟ್ಟು ಗಂಟು ಹಾಕುತ್ತಿದ್ದಳು. ಇನ್ನೂರಕ್ಕೂ ಹೆಚ್ಚು ಶುಕ್ರವಾರ, ಒಂದೂ ತಪ್ಪಿಸಲಿಲ್ಲ. ಜ್ವರ ಬಂದ ಶುಕ್ರವಾರವೂ ಬಂದು ಮಾಡಿ ಹೋಗಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಒಳಗಿನಿಂದ ಟಕ್, ಟಕ್, ಟಕ್ ಎಂದು ಸದ್ದು. ಪರದೆ ಕಪ್ಪು. ಆರಿಸಿ ಹಾಕಿದಳು. ಟಕ್, ಟಕ್. ಮತ್ತೆ ಆರಿಸಿ ಹಾಕಿದಳು. ಗುಮಾಸ್ತರು ಬಂದು ಪೆಟ್ಟಿಗೆಗೆ ಎರಡು ತಟ್ಟಿದರು. ಅವರಿಗೆ ಗೊತ್ತಿದ್ದ ರಿಪೇರಿ ಅದೊಂದೇ. ಮಧ್ಯಾಹ್ನದ ಹೊತ್ತಿಗೆ ಆ ಸದ್ದೂ ನಿಂತಿತು. ಪರವಾಗಿಲ್ಲ ಎಂದು ಅವಳು ಬಟ್ಟೆ ಚೀಲ ಬಿಚ್ಚಿ, ಪೆನ್ ಡ್ರೈವನ್ನು ಇಂಜಿನಿಯರರ ಲ್ಯಾಪ್‌ಟಾಪಿಗೆ ಹಾಕಿ 'ವಾಲ್ವ್ ನಕ್ಷೆ'ಯನ್ನು ಒತ್ತಿದಳು. ಇಲ್ಲ. ತೆರೆಯಲಿಲ್ಲ. ಇನ್ನೂರಕ್ಕೂ ಹೆಚ್ಚು ನಕಲುಗಳಿದ್ದವು, ಒಂದೊಂದನ್ನೇ ಒತ್ತುತ್ತ ಹೋದಳು. ಒಂದೂ ತೆರೆಯಲಿಲ್ಲ.

ಇಂಜಿನಿಯರರು ಕೆಟ್ಟವರೇನಲ್ಲ, ಆದರೆ ಕಷ್ಟ ಬಂದಾಗ ಮೊದಲು ದನಿ ಏರಿಸಿ ಆಮೇಲೆ ಯೋಚಿಸುವ ಜಾತಿ. ಅವರ ಕಷ್ಟಕ್ಕೂ ಕಾರಣವಿತ್ತು. ದಿಬ್ಬದ ಮೇಲಿನ ಹಳೆಯ ಟ್ಯಾಂಕು ಬಿರುಕು ಬಿಟ್ಟಿತ್ತು. ಹದಿನೈದು ದಿನದೊಳಗೆ ಅದನ್ನು ಖಾಲಿ ಮಾಡಿ, ಊರಿನ ಮುಖ್ಯ ಕೊಳವೆಗಳನ್ನೆಲ್ಲ ಹೊಸ ಟ್ಯಾಂಕಿಗೆ ತಿರುಗಿಸಬೇಕಿತ್ತು. ಅದಕ್ಕೆ ತೊಂಬತ್ತನಾಲ್ಕು ದೊಡ್ಡ ವಾಲ್ವುಗಳ ಲೆಕ್ಕ ಬೇಕು.

"ನಕ್ಷೆ ಇಲ್ದೆ ಒಂದು ವಾಲ್ವೂ ಮುಟ್ಟಿಸಲ್ಲ ನಾನು," ಅಂದರು. "ಹಳೇ ಕಬ್ಬಿಣ. ಒಂದು ಸುತ್ತು ಜಾಸ್ತಿ ಎಳೆದ್ರೆ ಒಳಗಿನ ಕಡ್ಡಿ ಮುರಿಯುತ್ತೆ. ದೊಡ್ಡದೇನಾದ್ರೂ ಮುರೀತೋ, ಅರ್ಧ ಊರಿಗೆ ಬೇಸಿಗೆ ಪೂರ್ತಿ ನೀರಿಲ್ಲ. ರಿಜಿಸ್ಟರ್ ರದ್ದಿಗೆ ಹಾಕಿ ಅಂತ ಬರೆದಿದ್ದು ಯಾರು?"

ಅವಳದೇ ದುಂಡನೆಯ ಸಹಿ ಫೈಲಿನಲ್ಲಿತ್ತು. ಮನೆಗೆ ಹೋಗಿ ಅತ್ತೆಗೆ ಹೇಳಿಕೊಂಡರೆ, ಅತ್ತೆ, "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಅತ್ಕೊಂಡು ಕೂತ್ರೆ ಸರಿಹೋಗುತ್ತಾ? ಹೋಗು, ಯಾರಾದ್ರೂ ತಿಳಿದವರ ಹತ್ರ ತಗೊಂಡ್ಹೋಗು," ಅಂದಳು. ಅತ್ತೆಯ ಮಾತಿನಲ್ಲಿ ಚುಚ್ಚುವ ಭಾಗ ಮೊದಲು ಬರುತ್ತದೆ, ಉಪಯೋಗಕ್ಕೆ ಬರುವುದು ಆಮೇಲೆ.

ತಿಳಿದವನಿದ್ದದ್ದು ಎರಡು ಬಸ್ಸು ಬದಲಿಸಿ ಹೋಗಬೇಕಾದ ದೊಡ್ಡ ಊರಿನಲ್ಲಿ. ಅವನನ್ನು ಡಿಸ್ಕ್ ಡಾಕ್ಟರು ಅನ್ನುತ್ತಿದ್ದರು. ಅವಳು ಸತ್ತ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡಿದ್ದಳು. ಡಾಕ್ಟರು ಮೊದಲು ಪೆನ್ ಡ್ರೈವ್ ನೋಡಿದ. ನೋಡಿ ನಗಲಿಲ್ಲ, ಆ ಒಂದು ಕಾರಣಕ್ಕೆ ಅವಳು ಅವನನ್ನು ಜನ್ಮದಲ್ಲಿ ಮರೆಯುವುದಿಲ್ಲ.

"ಮೇಡಂ, ಪರದೆ ಮೇಲಿರೋ ಆ ಚಿತ್ರ ಇದೆಯಲ್ಲ, ಅದು ನಕ್ಷೆ ಅಲ್ಲ. ನಕ್ಷೆ ಎಲ್ಲಿದೆ ಅಂತ ತೋರಿಸೋ ಬೋರ್ಡು ಅಷ್ಟೇ. ನೀವು ನಕಲು ಮಾಡಿಟ್ಟಿರೋದು ಮನೆ ಅಲ್ಲ, ಮನೆ ವಿಳಾಸ."

"ಪ್ರತಿ ವಾರ ತೆರೆದು ನೋಡ್ತಿದ್ದೆ. ತೆರೀತಿತ್ತು."

"ಅದೇ ಕಂಪ್ಯೂಟರಲ್ಲಿ ತಾನೇ? ಮನೆ ಅಲ್ಲೇ ಇತ್ತು. ವಿಳಾಸ ಹಿಡ್ಕೊಂಡು ಅಲ್ಲಿಗೇ ಹೋಗ್ತಿದ್ರಿ."

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಲ್ಕು ವರ್ಷದ ಶ್ರದ್ಧೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಡಾಕ್ಟರು ಅವಳಿಗೆ ಟೋಪಿ, ಮುಸುಕು ತೊಡಿಸಿ ಗಾಜಿನ ಕೋಣೆಯೊಳಗೆ ಕರೆದುಕೊಂಡು ಹೋಗಿ ಡಿಸ್ಕಿನ ಮೇಲ್ಹೊದಿಕೆ ಬಿಚ್ಚಿದ. ಒಳಗೆ ಒಂದು ದುಂಡು ಕನ್ನಡಿ. ಅದರಲ್ಲಿ ಅವಳ ಮುಖ, ಮನೆಯ ಕನ್ನಡಿಯಲ್ಲಿ ಎಂದೂ ಕಾಣದಷ್ಟು ಸ್ಪಷ್ಟವಾಗಿ. ಇಷ್ಟು ವರ್ಷ ಇಂಥದೊಂದರ ಎದುರು ಕೂತಿದ್ದಳು, ಒಳಗೆ ಏನಿದೆಯೆಂದು ಒಮ್ಮೆಯೂ ಕೇಳಿರಲಿಲ್ಲ.

"ಸೆಕೆಂಡಿಗೆ ನೂರಿಪ್ಪತ್ತು ಸುತ್ತು ತಿರುಗುತ್ತೆ," ಅಂದ ಅವನು. "ಈ ಪುಟ್ಟ ತೋಳು ಮೇಲೆ ತೇಲುತ್ತೆ, ಮುಟ್ಟಲ್ಲ. ನಡುವೆ ಇರೋ ಸಂದು ಕೂದಲೆಳೆಯ ಹತ್ತು ಸಾವಿರದಲ್ಲೊಂದು ಪಾಲು. ಮುಟ್ಟಿದ್ರೆ ಟಕ್ ಅನ್ನುತ್ತೆ. ಆ ಸದ್ದು ಕೇಳಿದ್ಮೇಲೆ ಎಷ್ಟು ಸಲ ಹಾಕಿದ್ರಿ?"

"ಹನ್ನೊಂದು ಸಲ."

ಅವನು ಕನ್ನಡಿಯನ್ನು ಓರೆ ಮಾಡಿ ಹಿಡಿದ. ಅದರ ಮೈಮೇಲೆ ಉಗುರಿನಿಂದ ಗೀರಿದಂಥ ಉಂಗುರಗಳು. ಅಂಚಿನಲ್ಲಿ ಚಿಟಿಕೆಯಷ್ಟು ಬೂದು ಪುಡಿ. "ನಿಮ್ಮ ನಕ್ಷೆ ಈ ಪುಡೀಲಿದೆ," ಅಂದ. ಬೈದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಎಂಟುನೂರ ಹನ್ನೆರಡು ವಾಲ್ವು, ಎರಡು ವರ್ಷದ ಮಧ್ಯಾಹ್ನಗಳು, ಕಣ್ಣು ಮುಚ್ಚಿ ನಡೆದ ಅಷ್ಟೂ ಬೀದಿಗಳು ಒಂದು ಚಿಟಿಕೆಯಲ್ಲಿ ಹಿಡಿಸಿದ್ದವು. ದುಃಖಕ್ಕಿಂತ ಮೊದಲು ಅವಳಿಗೆ ಬೆರಗೇ ಆಯಿತು. ಅಳು ಬಂದದ್ದು ಬಸ್ಸಿನಲ್ಲಿ.

ನಾಲ್ಕನೆಯ ದಿನ ಡಾಕ್ಟರು ಉಳಿದಷ್ಟನ್ನು ತೆಗೆದು ಕಳಿಸಿದ. ಇನ್ನೂರ ಅರವತ್ತು ವಾಲ್ವುಗಳ ಲೆಕ್ಕ ಸಿಕ್ಕಿತ್ತು. ಬೇಕಾಗಿದ್ದ ತೊಂಬತ್ತನಾಲ್ಕರಲ್ಲಿ ಅಲ್ಲಿದ್ದದ್ದು ಎಂಟೇ ಎಂಟು. ಉಳಿದದ್ದು ಹನ್ನೊಂದು ದಿನ.

ಸುತ್ತಣ್ಣನಿಗೆ ಹೇಳದೆ ಇರುವುದು ಅವಳಿಂದಾಗಲಿಲ್ಲ. ಹೇಳಿದರೆ ಅವನಿಗೆ ತಿಳಿಯುವುದಿಲ್ಲವೆಂದು ಗೊತ್ತಿತ್ತು, ಆದರೂ ಹೋದಳು. ಅವನ ಮನೆಯ ಗೇಟಿನಿಂದ ಹಿತ್ತಲಿನವರೆಗೆ ಕಾಲು ಕೆಸರಾಗದಂತೆ ದುಂಡು ಚಪ್ಪಡಿ ಹಾಸಿದ ಹಾದಿಯಿದೆ. ಅದರ ಮೇಲೆ ಹೆಜ್ಜೆಯಿಡುತ್ತ ಹೋಗಿ, ಹಿತ್ತಲ ಬಾಗಿಲಲ್ಲಿ ಬಿಸಿಲು ಕಾಯುತ್ತಿದ್ದವನ ಎದುರು ಕೂತು, "ಸುತ್ತಣ್ಣ, ನೀವು ಹೇಳಿದ್ದೆಲ್ಲ ಹೋಯ್ತು. ನಾನೇ ಕಳೆದೆ. ರಿಜಿಸ್ಟರೂ ಇಲ್ಲ," ಅಂದಳು.

ಅವನು ಅವಳ ಮುಖವನ್ನು ತುಂಬ ಹೊತ್ತು ನೋಡಿದ. ಗುರುತು ಹತ್ತಲಿಲ್ಲ. ಆದರೂ ಯಾವುದೋ ಹಳೆಯ ಸಹೋದ್ಯೋಗಿಗೆ ಹೇಳುವಂತೆ, ಬಲು ಸಾಮಾನ್ಯವಾಗಿ ಹೇಳಿದ: "ಕಾಗದ ಹೋಗ್ದೆ ಇನ್ನೇನಾಗುತ್ತೆ? ಕಾಗದ ಇರೋದೇ ಹೋಗಕ್ಕೆ. ಮುಚ್ಚಳ ಮಗುಚಿ ನೋಡಿದ್ಯಾ?"

"ಯಾವ ಮುಚ್ಚಳ?"

ಅಷ್ಟರಲ್ಲಿ ಅವನ ಗಮನ ಗೋಡೆಯ ಮೇಲಿನ ಇರುವೆ ಸಾಲಿಗೆ ಹೋಗಿತ್ತು. ಮತ್ತೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಅವಳು ಅಲ್ಲಿಂದ ನೆಟ್ಟಗೆ ಕಚೇರಿಗೆ ಹೋಗಿ, ಗುತ್ತಿಗೆ ಆಳುಗಳಲ್ಲಿ ಹಿರಿಯನಾದ ಮೀಸೆಯವನನ್ನು ಕೇಳಿದಳು. "ಮುಚ್ಚಳದ ಕೆಳಗಡೆನಾ?" ಅಂದ ಅವನು. "ಏನೋ ಗೀಟು ಇರುತ್ತೆ ಮೇಡಂ. ಯಾರೋ ಹೊತ್ತು ಹೋಗ್ದೆ ಗೀಚಿದಾರೆ ಅಂದ್ಕೊಂಡಿದ್ವಿ."

ಔಷಧಿ ಅಂಗಡಿಯ ಮುಂದಿನ ಮುಚ್ಚಳವನ್ನು ಮೂವರೂ ಸೇರಿ ಮಗುಚಿ ಹಾಕಿದರು. ಡಾಂಬರಿನ ಪದರ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತ ಹೋದಂತೆ ಕಬ್ಬಿಣದಲ್ಲಿ ಉಳಿಯಿಂದ ಕೆತ್ತಿದ ಗೆರೆಗಳು ಒಂದೊಂದಾಗಿ ಮೇಲೆದ್ದವು. ಮೊದಲು ವಾಲ್ವಿನ ಸಂಖ್ಯೆ. ಕೆಳಗೆ ಕಡ್ಡಿ ಕಡ್ಡಿ ಗೀಟುಗಳು, ಐದಕ್ಕೊಂದು ಅಡ್ಡಗೆರೆ, ಬಲಕ್ಕೊಂದು ಬಾಣ. ಎಣಿಸಿದಳು, ಹದಿನೇಳು. ಅದರ ಕೆಳಗಿನ ಸಾಲಿನಲ್ಲಿ ಮತ್ತೆ ಹದಿನೇಳು, ಬೇರೆ ಕೈ. ಅದರ ಕೆಳಗೆ ಮತ್ತೆ ಹದಿನೇಳು. ಪ್ರತಿ ಸಾಲಿನ ಕೊನೆಗೆ ಒಂದು ಗುರುತು: ಮೊದಲ ಸಾಲಿಗೆ ಒಂದು ಕತ್ತರಿ, ಎರಡನೆಯದಕ್ಕೆ ಒಂದು ಮೀನು, ಮೂರನೆಯದಕ್ಕೆ ಎರಡೂವರೆ ಸುತ್ತಿನ ಸುರುಳಿ.

ಅವಳು ಬೀದಿಯಲ್ಲೇ ಮಂಡಿಯೂರಿ ಕೂತುಬಿಟ್ಟಳು. ಸುರುಳಿ ಯಾರದ್ದೆಂದು ಯಾರೂ ಹೇಳಬೇಕಾಗಿರಲಿಲ್ಲ. ಮೀನಿನವನು ಸುತ್ತಣ್ಣನಿಗೆ ಕೆಲಸ ಕಲಿಸಿದವನಿರಬೇಕು. ಕತ್ತರಿಯವನು ಅವನಿಗಿಂತಲೂ ಹಿಂದಿನವನು. ಒಬ್ಬೊಬ್ಬನೂ ಕೆಲಸಕ್ಕೆ ಸೇರಿದಾಗ ಹಿಂದಿನವನ ಲೆಕ್ಕ ಕಣ್ಣೆದುರು ಇದ್ದರೂ, ಕೀಲಿ ಇಳಿಸಿ ತಾನೇ ಎಣಿಸಿ, ಸರಿಯೆಂದು ಕಂಡ ಮೇಲೆ ತನ್ನ ಸಾಲು ಕೆತ್ತಿದ್ದ. ಕೆತ್ತಿ ಡಾಂಬರು ಸವರಿ ಮುಚ್ಚಿದ್ದ. ಎಂಟುನೂರ ಹನ್ನೆರಡು ಸಲ. ಯಾವ ಸಾಹೇಬನೂ ಮಾಡು ಅಂದದ್ದಲ್ಲ, ಯಾವ ಕಡತದಲ್ಲೂ ಇದರ ಸುದ್ದಿಯಿಲ್ಲ. ಊರು ಮುಕ್ಕಾಲು ಶತಮಾನ ಇದನ್ನು ತುಳಿದುಕೊಂಡು ಸಂತೆಗೂ ಶಾಲೆಗೂ ಹೋಗಿ ಬಂದಿತ್ತು. ಎರಡು ವರ್ಷ ಪಕ್ಕದಲ್ಲೇ ಕೂತಿದ್ದ ಸುತ್ತಣ್ಣ ಇದನ್ನು ಹೇಳಲೇ ಇಲ್ಲವಲ್ಲ ಎಂದು ಮೊದಲು ಅನ್ನಿಸಿತು. ಆಮೇಲೆ ಹೊಳೆಯಿತು: ಉಸಿರಾಡುತ್ತೇನೆಂದು ಯಾರಾದರೂ ಹೇಳುತ್ತಾರೆಯೇ? ಅವಳು ಒಂದು ಸಲ ಕುರ್ಚಿ ಬಿಟ್ಟು ಅವನ ಜೊತೆ ಬೀದಿಗೆ ಬಂದಿದ್ದರೆ ತಾನಾಗಿ ಕಾಣುತ್ತಿತ್ತು.

ಮರುದಿನದಿಂದ ಅವಳ ಕಚೇರಿ ಬೀದಿಯಾಯಿತು. ಮೂವರು ಆಳುಗಳು ಮುಚ್ಚಳ ಮಗುಚುವುದು, ಅವಳು ಒರೆಸಿ, ಎಣಿಸಿ, ಬರೆದು, ಫೋಟೋ ತೆಗೆಯುವುದು. ಸುತ್ತಣ್ಣನನ್ನೂ ಜೊತೆಗೆ ಕರೆದೊಯ್ಯುತ್ತಿದ್ದಳು. "ಕರ್ಕೊಂಡ್ಹೋಗು ತಾಯಿ, ನನಗೂ ಅರ್ಧ ದಿನ ಉಸಿರಾಡ್ದಂಗಾಗುತ್ತೆ," ಅಂದಿದ್ದಳು ಅವನ ಹೆಂಡತಿ. ಅವನಿಗೆ ಯಾವ ವಾಲ್ವೂ ನೆನಪಿರಲಿಲ್ಲ. ಆದರೆ ಒಂದು ದಿನ ಆಲಿಸುವ ಕೋಲನ್ನು ಕೈಗಿತ್ತಾಗ, ಮುಚ್ಚಳಕ್ಕೆ ತುದಿ ಊರಿ ತಾನು ಕೇಳಿ, ಬಾ ಎಂದು ಕೈಸನ್ನೆ ಮಾಡಿ, ಇನ್ನೊಂದು ತುದಿಯನ್ನು ಅವಳ ಕಿವಿಗಿಟ್ಟ. ಮೊದಲು ಏನೂ ಇಲ್ಲ. ಆಮೇಲೆ ಎಲ್ಲೋ ಆಳದಲ್ಲಿ ಒಂದೇ ಸಮನೆ ಹರಿಯುವ ಸದ್ದು, ಮುಗಿಯದ ಉಸಿರಿನ ಹಾಗೆ. ಅವಳು ಈ ಊರಿನ ನೀರು ಕುಡಿಯುತ್ತ ನಲವತ್ತಾರು ವರ್ಷವಾಗಿತ್ತು. ಅದು ತನ್ನ ಕಾಲ ಕೆಳಗೇ ಓಡುತ್ತಿದೆಯೆಂದು ಅವತ್ತು ಗೊತ್ತಾಯಿತು.

ಏಳು ದಿನದಲ್ಲಿ ಎಂಬತ್ತೇಳು ಸಿಕ್ಕವು. ಉಳಿದ ಏಳರ ಮುಚ್ಚಳ ಮಗುಚಿದರೆ ಒಳಮೈ ನುಣ್ಣಗೆ. ಆ ಏಳೂ ಪೇಟೆ ರಸ್ತೆಯಲ್ಲಿದ್ದವು. ರಸ್ತೆ ಅಗಲ ಮಾಡಿದಾಗ ಗುತ್ತಿಗೆದಾರ ಹೊಸ ಮುಚ್ಚಳ ಹಾಕಿ ಹಳೆಯದನ್ನು ಕಿತ್ತುಹಾಕಿದ್ದ. ಅವುಗಳಲ್ಲೇ ಒಂದು ಎಲ್ಲಕ್ಕಿಂತ ದೊಡ್ಡ ವಾಲ್ವ್, ಮೂರು ಕೊಳವೆ ಕೂಡುವ ಕಡೆ ಇರುವುದು. ಹಳೆಯ ಟ್ಯಾಂಕಿನ ನೀರನ್ನು ಪೂರ್ತಿ ಕಟ್ಟಬೇಕಾದದ್ದು ಅಲ್ಲೇ.

"ಅದಕ್ಯಾಕೆ ಚಿಂತೆ?" ಅಂದರು ಇಂಜಿನಿಯರರು, ಡಿಸ್ಕ್ ಡಾಕ್ಟರು ಕಳಿಸಿದ ಪಟ್ಟಿ ಹಿಡಿದು. "ದೊಡ್ಡದರ ಲೆಕ್ಕ ಇದರಲ್ಲಿ ಉಳಿದಿದೆಯಲ್ಲ. ಮೂವತ್ತೆರಡು ಸುತ್ತು, ಬಲಕ್ಕೆ. ಉಳಿದ ಆರು ಅದಕ್ಕಿಂತ ಸಣ್ಣವು, ಕಾದು ನೋಡೋಣ."

ಅವಳಿಗೂ ಸಮಾಧಾನವಾಯಿತು. ತಾನು ಟೈಪ್ ಮಾಡಿದ್ದರಲ್ಲಿ ಇದಾದರೂ ಉಳಿಯಿತಲ್ಲ ಎಂದುಕೊಂಡಳು.

ಆ ಸಂಜೆ ಸುತ್ತಣ್ಣನನ್ನು ಮನೆಗೆ ಬಿಡಲು ಹೋದಾಗ ಅವನ ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನೀರು ಚೆಲ್ಲಿ ಹಾದಿಯ ಚಪ್ಪಡಿಗಳು ಒದ್ದೆಯಾಗಿದ್ದವು. ಒದ್ದೆಯಾದ ಕಲ್ಲು ಕಪ್ಪಾಗುತ್ತದೆ; ಇವು ಅಂಚಿನಲ್ಲಿ ಕೆಂಪಗೆ ತುಕ್ಕು ಬಿಟ್ಟಿದ್ದವು. ಆಪರೇಟರಮ್ಮ ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತಳು.

"ಅಕ್ಕಾ, ಈ ಚಪ್ಪಡಿ ಎಲ್ಲಿಂದ ತಂದಿದ್ದು?"

"ಚಪ್ಪಡಿ ಎಲ್ಲಿ ಬಂತು? ಹಾಳು ಕಬ್ಬಿಣ!" ಅಂದಳು ಅವಳು, ಸೀರೆ ಹಿಂಡುತ್ತ. "ರಸ್ತೆ ಅಗೆದಾಗ ಇವರು ಒಂದೊಂದನ್ನೇ ಸೈಕಲ್ಲಿಗೆ ಕಟ್ಕೊಂಡು ತಂದ್ರು. ಇಪ್ಪತ್ತು ಇಪ್ಪತ್ತೈದು ಕೆ.ಜಿ. ಒಂದೊಂದೂ. ಸೊಂಟ ಹಿಡ್ಕೊಂಡು ವಾರ ಮಲಗಿದ್ರು. ಗುಜರಿಗೆ ಹಾಕಿ ಅಂದ್ರೆ ನನ್ನನ್ನೇ ಗುಜರಿಗೆ ಹಾಕೋ ಥರ ನೋಡಿದ್ರು. ಕೊನೆಗೆ ನಾನೇ ಕೆಸರಿಗಾಗುತ್ತೆ ಅಂತ ಹಾಸಿದೆ."

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅನ್ನುತ್ತಾರಲ್ಲ, ಅದು. ಎರಡು ವರ್ಷದಿಂದ ಬಂದು ಹೋಗುವಾಗೆಲ್ಲ ಅವಳು ಅದನ್ನೇ ತುಳಿದುಕೊಂಡು ಓಡಾಡಿದ್ದಳು. ಇಬ್ಬರು ಹೆಂಗಸರೂ ಹಾರೆ ಹಾಕಿ ಹನ್ನೊಂದು ಮುಚ್ಚಳ ಮಗುಚಿದರು. ಬೇಕಾದ ಏಳೂ ಅದರಲ್ಲಿದ್ದವು. ಬಟ್ಟೆ ಒಗೆಯುವ ಜಾಗದಲ್ಲೇ ಇದ್ದದ್ದು ದೊಡ್ಡ ವಾಲ್ವಿನದು. ಒರೆಸಿ ಎಣಿಸಿದಳು. ಕತ್ತರಿಯವನ ಸಾಲು, ಇಪ್ಪತ್ತಮೂರು. ಮೀನಿನವನದು, ಇಪ್ಪತ್ತಮೂರು. ಸುರುಳಿ, ಇಪ್ಪತ್ತಮೂರು.

ಅವಳು ಇನ್ನೊಮ್ಮೆ ಎಣಿಸಿದಳು. ಡಿಸ್ಕಿನಲ್ಲಿ ಮೂವತ್ತೆರಡು ಇತ್ತು. ಸುತ್ತಣ್ಣ ಇಪ್ಪತ್ತಮೂರು ಎಂದೇ ಹೇಳಿದ್ದ. ವೇಗಕ್ಕೆ ಹೆಸರಾದ ಬೆರಳುಗಳು ಎರಡು ಅಂಕಿಯನ್ನು ಅದಲುಬದಲು ಒತ್ತಿದ್ದವು. ಅವಳು ನಕ್ಷೆಯನ್ನು ಸರಿಯಾಗಿ ನಕಲು ಮಾಡಿಟ್ಟಿದ್ದರೂ ಇನ್ನೂರು ನಕಲಿನಲ್ಲೂ ಇದೇ ತಪ್ಪು ಇರುತ್ತಿತ್ತು, ಅಷ್ಟೇ. ಯಾರೂ ಹೋಗಿ ಎಣಿಸುತ್ತಿರಲಿಲ್ಲ.

ಬದಲಾವಣೆಯ ದಿನ ಬೆಳಿಗ್ಗೆ ಆರಕ್ಕೆ ಮೂರು ಕೊಳವೆ ಕೂಡುವ ಕಡೆ ಎಲ್ಲರೂ ಸೇರಿದರು. ತೊಂಬತ್ತಮೂರು ವಾಲ್ವುಗಳ ಕೆಲಸ ಮುಗಿದಿತ್ತು. ಮುಚ್ಚಳದಲ್ಲಿ ಇಪ್ಪತ್ತಮೂರಿದೆ ಎಂದು ಅವಳು ಹೇಳಿದ್ದರೂ, ದೊಡ್ಡದಕ್ಕೆ ಇಂಜಿನಿಯರರು ಹಿಡಿದದ್ದು ಪಟ್ಟಿಯ ಲೆಕ್ಕವನ್ನೇ. ಮೀಸೆಯವನೂ ಇನ್ನಿಬ್ಬರೂ ಕೀಲಿ ಹಿಡಿದರು, ಅವಳು ಗಟ್ಟಿಯಾಗಿ ಎಣಿಸಿದಳು. ಹದಿನೈದರವರೆಗೆ ಸಲೀಸು. ಇಪ್ಪತ್ತಕ್ಕೆ ಬಿಗಿ. ಇಪ್ಪತ್ತಮೂರಕ್ಕೆ ಕೀಲಿ ನಿಂತಿತು.

"ತುಕ್ಕು," ಅಂದ ಮೀಸೆಯವನು. "ಪಟ್ಟೀಲಿ ಇನ್ನೂ ಒಂಬತ್ತಿದೆ. ಹಿಡಿಕೆಗೆ ಉದ್ದ ಪೈಪ್ ಸಿಗಿಸಿ ಎಳೆದ್ರೆ ಬರುತ್ತೆ."

"ಎಳೀಬೇಡಿ," ಅಂದಳು ಆಪರೇಟರಮ್ಮ.

ಇಂಜಿನಿಯರರು ತಿರುಗಿದರು. "ನೀವೇ ಟೈಪ್ ಮಾಡಿದ್ದು ಮೂವತ್ತೆರಡು ಅಂತ. ಅರ್ಧ ಮುಚ್ಚಿದ ವಾಲ್ವ್ ಬಿಟ್ಟು ಆ ಕಡೆ ನೀರು ಬಿಟ್ರೆ ಬಿರುಕು ಟ್ಯಾಂಕಿಗೆ ಹಿಂದಕ್ಕೆ ನುಗ್ಗುತ್ತೆ. ಯಾರ ಮಾತು ನಂಬ್ಲಿ ನಾನು, ಕಂಪ್ಯೂಟರಿಂದೋ ಬಟ್ಟೆ ಒಗೆಯೋ ಕಲ್ಲಿಂದೋ?"

"ನಾನು ತಪ್ಪು ಒತ್ತಿದೀನಿ ಸಾರ್. ಬರೆದು ಕೊಡ್ತೀನಿ." ಇಷ್ಟು ಜೋರಾಗಿ ಅವಳು ಆ ಕಚೇರಿಯಲ್ಲಿ ಎಂದೂ ಮಾತಾಡಿರಲಿಲ್ಲ. "ಅವರು ಮೂರು ಜನ. ಒಬ್ಬರ ಲೆಕ್ಕ ಒಬ್ಬರು ನಂಬದೆ ಎಣಿಸಿದಾರೆ. ನಾನು ಒಬ್ಬಳು, ಕುರ್ಚೀಲಿ ಕೂತು ಒತ್ತಿದ್ದು."

ಹೇಳಿ, ಯಾರ ಉತ್ತರಕ್ಕೂ ಕಾಯದೆ ಆಲಿಸುವ ಕೋಲನ್ನು ವಾಲ್ವಿಗಿಟ್ಟು ಕಿವಿ ಕೊಟ್ಟಳು. ವಾಲ್ವ್ ಎಲ್ಲಾದರೂ ಸಂದು ಬಿಟ್ಟಿದ್ದರೆ ಬುಸುಗುಟ್ಟುತ್ತದೆ. ಅವಳು ಉಸಿರು ಹಿಡಿದಳು. ಒಳಗೆ ಏನೂ ಇರಲಿಲ್ಲ. ಕೋಲನ್ನು ಇಂಜಿನಿಯರರ ಕೈಗೆ ಕೊಟ್ಟಳು. ಅವರು ಕೇಳಿದರು, ಇನ್ನೊಂದು ಕಿವಿಯಲ್ಲೂ ಕೇಳಿದರು, ಆಮೇಲೆ ಮೀಸೆಯವನಿಗೆ, "ಪೈಪ್ ಕೆಳಗಿಡಯ್ಯ. ಹೊಸ ಟ್ಯಾಂಕ್ ಬಿಡಿ," ಅಂದರು. ಕಾಲು ಗಂಟೆಯಲ್ಲಿ ಪೇಟೆ ರಸ್ತೆಯ ನಲ್ಲಿಗಳಲ್ಲಿ ನೀರು ಬಂತು. ಊರಿನವರಿಗೆ ಅವತ್ತೂ ಎಂದಿನಂಥದೇ ಬೆಳಗು. ಹಲ್ಲುಜ್ಜುತ್ತಿದ್ದವರು ಬಾಯಿ ಮುಕ್ಕಳಿಸಿ ಒಳಗೆ ಹೋದರು.

ಈಗ ಆಪರೇಟರಮ್ಮನ ಹತ್ತಿರ, ಉಳಿದ ಮುಚ್ಚಳಗಳನ್ನೂ ಮಗುಚಿ ಬರೆದ ಹೊಸ ನಕ್ಷೆಯ ಮೂರು ನಕಲುಗಳಿವೆ. ಒಂದು ಕಚೇರಿಯಲ್ಲಿ, ಒಂದು ಊರಾಚೆಯ ಪಂಪ್‌ಹೌಸಿನಲ್ಲಿ, ಒಂದು ಅತ್ತೆಯ ಕಬ್ಬಿಣದ ಪೆಟ್ಟಿಗೆಯಲ್ಲಿ. ಅತ್ತೆಯ ಪೆಟ್ಟಿಗೆಯಷ್ಟು ಭದ್ರವಾದ ಜಾಗ ಲೋಕದಲ್ಲೇ ಇಲ್ಲ. ತಿಂಗಳಿಗೊಮ್ಮೆ ಮೂರನ್ನೂ ಬೇರೆಯವರ ಕಂಪ್ಯೂಟರಿಗೆ ಹಾಕಿ ತೆರೆಯುತ್ತಾಳೆ. ಆಮೇಲೆ ಪಟ್ಟಿಯಿಂದ ಹತ್ತು ವಾಲ್ವ್ ಆರಿಸಿಕೊಂಡು ಬೀದಿಗಿಳಿದು ತಾನೇ ಎಣಿಸುತ್ತಾಳೆ. ಮೀಸೆಯವನ ಕೈಗೂ ಉಳಿ ಬಂದಿದೆ. ಅವನ ಗುರುತು, ಬೇರೆ ಇನ್ನೇನು, ಒಂದು ಮೀಸೆ.

ದೊಡ್ಡ ವಾಲ್ವಿನ ಹಳೆಯ ಮುಚ್ಚಳವನ್ನು ಮತ್ತೆ ಅದರ ಜಾಗಕ್ಕೆ ಹಾಕುವ ಮುನ್ನ, ಅವಳು ಅದನ್ನು ತಳ್ಳುಗಾಡಿಯಲ್ಲಿ ಸುತ್ತಣ್ಣನ ಮನೆಗೆ ತಂದಿದ್ದಳು. ಕೆಳಗಡೆ ನಾಲ್ಕನೆಯ ಸಾಲೊಂದನ್ನು ಕೆತ್ತಿದ್ದಳು. ಮೂರು ಸಂಜೆ ಹಿಡಿದಿತ್ತು, ಗೀಟುಗಳು ಸೊಟ್ಟಪಟ್ಟ, ಹೆಬ್ಬೆರಳಿಗೆ ಬ್ಯಾಂಡೇಜು. ಸುತ್ತಣ್ಣ ಬಿಸಿಲಲ್ಲಿ ಕೂತಿದ್ದ. ಅವಳು ಅವನ ಕೈ ಹಿಡಿದು ಕಬ್ಬಿಣದ ಮೇಲಿಟ್ಟಳು.

ಅವನ ಬೆರಳು ಮೊದಲ ಸಾಲಿನ ಮೇಲೆ ಓಡಿತು, ಕತ್ತರಿಯ ಹತ್ತಿರ ನಿಂತಿತು. ಎರಡನೆಯದರ ಮೇಲೆ ಓಡಿತು, ಮೀನನ್ನು ಸವರಿತು. ಮೂರನೆಯ ಸಾಲನ್ನು ನಿಧಾನವಾಗಿ, ಒಂದೂ ಬಿಡದೆ ಎಣಿಸಿ, ಸುರುಳಿಯ ಮೇಲೆ ಬಂದು ಎರಡೂವರೆ ಸುತ್ತು ತಿರುಗಿತು.

"ಇವನು ಯಾರು?" ಅಂದ.

ಹೆಂಡತಿ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು.

"ಯಾರೋ ಒಳ್ಳೇ ಕೆಲಸಗಾರ," ಅಂದ ಸುತ್ತಣ್ಣ, ಸುರುಳಿಯನ್ನು ಇನ್ನೊಮ್ಮೆ ಸವರುತ್ತ. "ಕೈ ಎಲ್ಲೂ ನಡುಗಿಲ್ಲ ನೋಡು. ಇವನ ಲೆಕ್ಕ ನಂಬಬಹುದು."

ಆಮೇಲೆ ಬೆರಳು ಕೆಳಗಿಳಿಯಿತು. ಹೊಸ ಗೀಟುಗಳ ಅಂಚು ಇನ್ನೂ ಚೂಪಾಗಿತ್ತು. ಸೊಟ್ಟ ಸಾಲನ್ನು ಅವನು ಒಂದೊಂದಾಗಿ ಎಣಿಸುವಾಗ ಅವಳು, ಹಿಂದೆ ಕಚೇರಿಯಲ್ಲಿ ಅವನ ಪಕ್ಕ ಕೂತಿರುತ್ತಿದ್ದ ಹಾಗೆಯೇ, ಕೆಮ್ಮು ಬಂದರೂ ನುಂಗಿಕೊಂಡು ಕೂತಳು. ಬೆರಳು ಕೊನೆಯ ಗೀಟಿನ ಮೇಲೆ ನಿಂತಿತು.

"ಇಪ್ಪತ್ತಮೂರು," ಅಂದ. "ಇದು ಹೊಸ ಕೈ. ಆದ್ರೂ ಹೋಗಿ ಎಣಿಸಿದಾರೆ."